ಯಾವ ಸ್ಕೋನ್ ಮಾಡೋದು? ಕಾವಲಿಯದೋ, ಓವನ್ನಿನದೋ, ಅಮೆರಿಕದ್ದೋ

ಸ್ಕೋನ್ ಅಂದರೆ ಸಾಮಾನ್ಯವಾಗಿ ಸೋಡಾ ಅಥವಾ ಬೇಕಿಂಗ್ ಪೌಡರ್ ಹಾಕಿ ಉಬ್ಬಿಸಿ, ಟೀ ಜೊತೆ ತಿನ್ನುವ ಸಣ್ಣ ರೊಟ್ಟಿ. ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಸ್ಕೋನ್ ಕೇಳಿದರೆ ಒಂದು ಥರದ್ದು ಬರುತ್ತದೆ, ಲಂಡನ್ನಿನಲ್ಲಿ ಇನ್ನೊಂದು ಥರದ್ದು. ಅಮೆರಿಕದ ಕಾಫಿ ಅಂಗಡಿಯಲ್ಲಿ ಮೇಲೆಲ್ಲ ಸಕ್ಕರೆ ಪಾಕ ಬಳಿದ ದೊಡ್ಡ ತ್ರಿಕೋನ ಕೊಡುತ್ತಾರೆ. ಅದೇ ದೇಶದ ಯೂಟಾ ರಾಜ್ಯದಲ್ಲಿ ಕೇಳಿ ನೋಡಿ, ಎಣ್ಣೆಯಲ್ಲಿ ಕರಿದ ಉಬ್ಬಿದ ರೊಟ್ಟಿಗೆ ಜೇನು ಬೆರೆಸಿದ ಬೆಣ್ಣೆ ಸವರಿ ಮುಂದಿಡುತ್ತಾರೆ. ಎಲ್ಲಕ್ಕೂ ಹೆಸರು ಒಂದೇ. ಹಾಗಾಗಿ ‘ಸ್ಕೋನ್ ಮಾಡುವುದು ಹೇಗೆ’ ಅಂತ ಹುಡುಕಿ ಮೊದಲು ಸಿಕ್ಕಿದ್ದನ್ನೇ ಮಾಡಲು ಹೊರಟರೆ, ಅಂದುಕೊಂಡದ್ದು ಒಂದು, ತಟ್ಟೆಗೆ ಬಂದದ್ದು ಇನ್ನೊಂದು ಆಗಿಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಮಾಡುವವರು ಕಾವಲಿಯ ಮೇಲೆ ಬೇಯಿಸುವ ಸ್ಕೋನಿನಿಂದ ಶುರು ಮಾಡಿ. ಓವನ್ ಇಲ್ಲದವರ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಸ್ಕೋನ್ ಹುಟ್ಟಿದ್ದೇ ಕಾವಲಿಯ ಮೇಲೆ. ಹೋಟೆಲುಗಳಲ್ಲಿ ಮೂರಂತಸ್ತಿನ ಸ್ಟ್ಯಾಂಡಿನ ಮೇಲೆ ಬರುತ್ತದಲ್ಲ, ಆ ಎತ್ತರದ ಸ್ಕೋನು ಬಹಳ ಆಮೇಲಿನ ಕೂಸು.

ಹುಟ್ಟಿದ ಕಥೆ

ಸ್ಕೋನ್ ಸ್ಕಾಟ್ಲೆಂಡಿನದು. ಅಲ್ಲಿನ ಚಳಿ ಮಳೆಗೆ ಗೋಧಿ ಬೆಳೆಯುವುದು ಕಷ್ಟವಿತ್ತು. ಓಟ್ಸ್, ಬಾರ್ಲಿ ಚೆನ್ನಾಗಿ ಬರುತ್ತಿದ್ದವು. ಸಾಮಾನ್ಯ ಜನರ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಬೆಂಕಿಯ ಮೇಲೆ ತೂಗುಹಾಕುವ, ಬಳೆಯಂಥ ಹಿಡಿ ಇರುವ ದಪ್ಪ ಕಬ್ಬಿಣದ ಕಾವಲಿ ಇರುತ್ತಿತ್ತು. ಅದಕ್ಕೆ ಅವರು ‘ಗರ್ಡಲ್’ ಅನ್ನುತ್ತಾರೆ. ಹಿಟ್ಟು ಕಲಸಿ, ದುಂಡಗೆ ತಟ್ಟಿ, ಅದರ ಮೇಲೆ ಬೇಯಿಸಿದ ದಪ್ಪ ರೊಟ್ಟಿ ‘ಬ್ಯಾನಕ್’. ಅದನ್ನು ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲೂ ಸ್ಕೋನ್. ಈ ಲೆಕ್ಕ ಎಲ್ಲ ಊರಿನಲ್ಲೂ ಕಟ್ಟುನಿಟ್ಟಾಗಿ ನಡೆಯಲಿಲ್ಲ ಬಿಡಿ, ಆದರೆ ತ್ರಿಕೋನದ ಸ್ಕೋನ್ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಬರಹದಲ್ಲಿ ಈ ಹೆಸರು 1513ರಲ್ಲೇ ಸಿಗುತ್ತದೆ. ಗ್ಯಾವಿನ್ ಡಗ್ಲಸ್ ಎಂಬ ಕವಿ ವರ್ಜಿಲನ ಲ್ಯಾಟಿನ್ ಮಹಾಕಾವ್ಯವನ್ನು ಸ್ಕಾಟ್ಸ್ ಭಾಷೆಗೆ ತಂದ. ಅದರಲ್ಲಿ ಹಸಿದ ಟ್ರಾಯ್ ವೀರರು ಗೋಧಿ ರೊಟ್ಟಿಗಳನ್ನೇ ತಟ್ಟೆಯ ಹಾಗೆ ಹರಡಿಕೊಂಡು, ಮೇಲೆ ಹಣ್ಣು ಹಂಪಲು ಇಟ್ಟುಕೊಂಡು ತಿಂದು, ಕೊನೆಗೆ ತಟ್ಟೆಯನ್ನೂ ತಿಂದು ಮುಗಿಸುವ ಸನ್ನಿವೇಶ ಬರುತ್ತದೆ. ಆ ರೊಟ್ಟಿಗೆ ಡಗ್ಲಸ್ ತನ್ನ ಜನ ಬಳಸುವ ‘ಸ್ಕೋನ್’ ಎಂಬ ಹೆಸರನ್ನೇ ಇಟ್ಟ. ಅಂದರೆ ಆ ಕಾಲದ ಸ್ಕೋನ್ ಚಪ್ಪಟೆ. 1786ರಲ್ಲಿ ಅಚ್ಚಾದ ರಾಬರ್ಟ್ ಬರ್ನ್ಸನ ಒಂದು ಪದ್ಯದಲ್ಲಿ ಬಾರ್ಲಿಯನ್ನು ಹೊಗಳುವಾಗ ಮೆತ್ತಗೆ ಬಾಗುವ ಸ್ಕೋನಿನ ಮಾತು ಬರುತ್ತದೆ. ಬಾಗುವ ಸ್ಕೋನ್! ಇವತ್ತಿನದನ್ನು ಬಾಗಿಸಲು ಹೋದರೆ ಪುಡಿಯಾಗುತ್ತದೆ.

ಹೆಸರಿನ ಮೂಲದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಒಳ್ಳೆಯ ಬಿಳಿ ರೊಟ್ಟಿಗೆ ಡಚ್ಚರು ಬಳಸುತ್ತಿದ್ದ ಪದದಿಂದ ಬಂತು ಎನ್ನುವವರು ಜಾಸ್ತಿ. ಗೇಲಿಕ್ ಭಾಷೆಯಲ್ಲಿ ಉಂಡೆ, ಮುದ್ದೆ ಎಂಬ ಅರ್ಥದ ಪದದಿಂದ ಬಂತು ಎನ್ನುವವರೂ ಇದ್ದಾರೆ. ಸ್ಕಾಟ್ ರಾಜರ ಪಟ್ಟಾಭಿಷೇಕದ ಕಲ್ಲು ಇದ್ದ ‘ಸ್ಕೂನ್’ ಎಂಬ ಊರಿನಿಂದ ಬಂತು ಅನ್ನುವುದು ಕೇಳಲು ಚೆಂದ, ಅಷ್ಟೇ. ಇನ್ನು ಉಚ್ಚಾರ. ಸ್ಕಾಟ್ಲೆಂಡಿನವರು ‘ಸ್ಕಾನ್’ ಎನ್ನುತ್ತಾರೆ, ಇಂಗ್ಲೆಂಡಿನಲ್ಲಿ ಅರ್ಧ ಜನ ಹಾಗೆ, ಅರ್ಧ ಜನ ‘ಸ್ಕೋನ್’. ಎರಡೂ ನಡೆಯುತ್ತದೆ.

ಚಪ್ಪಟೆ ರೊಟ್ಟಿ ಎತ್ತರವಾದದ್ದು 19ನೇ ಶತಮಾನದಲ್ಲಿ. ಮೊದಲು ಅಡುಗೆ ಸೋಡಾ ಮನೆಮನೆಗೆ ಬಂತು. 1843ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧ ಅಂಗಡಿ ಇಟ್ಟುಕೊಂಡಿದ್ದ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಯೀಸ್ಟ್ ಒಗ್ಗುವುದಿಲ್ಲವೆಂದು ಬೇಕಿಂಗ್ ಪೌಡರ್ ತಯಾರಿಸಿದ. 1845ರಲ್ಲಿ ಬ್ರಿಸ್ಟಲ್ ನಗರದ ಹೆನ್ರಿ ಜೋನ್ಸ್, ಹಿಟ್ಟಿಗೇ ಉಬ್ಬಿಸುವ ಪುಡಿ ಬೆರೆಸಿದ ‘ಸೆಲ್ಫ್ ರೈಸಿಂಗ್’ ಹಿಟ್ಟಿಗೆ ಪೇಟೆಂಟ್ ತೆಗೆದುಕೊಂಡ. ಇತ್ತ ಮನೆಗಳಿಗೆ ಓವನ್ ಕೂಡಿಸಿದ ಕಬ್ಬಿಣದ ಒಲೆಗಳು ಬಂದವು. ಸುತ್ತ ಬಿಸಿ, ಒಳಗೆ ಗಾಳಿಗುಳ್ಳೆ. ಹಿಟ್ಟು ಮೇಲೆದ್ದಿತು.

ಅದೇ ಹೊತ್ತಿಗೆ, ಅಂದರೆ 1840ರ ಆಸುಪಾಸಿನಲ್ಲಿ, ಬೆಡ್‌ಫರ್ಡಿನ ಡಚೆಸ್ ಆ್ಯನಾ ಮರಿಯಾಗೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಹಸಿವಾಗುತ್ತಿತ್ತಂತೆ. ಆಕೆ ಟೀ ಜೊತೆ ತಿಂಡಿ ತರಿಸಿಕೊಳ್ಳಲು ಶುರು ಮಾಡಿದ್ದೇ ‘ಆಫ್ಟರ್‌ನೂನ್ ಟೀ’ ಆಯಿತು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಸ್ಕೋನ್ ಮುಂದೆ ಆ ತಟ್ಟೆಯ ಮೇಲೆ ಬಂದು ಕೂತಿತು. ನಮ್ಮ ದೊಡ್ಡ ಹೋಟೆಲುಗಳು ಇದನ್ನು ‘ಹೈ ಟೀ’ ಎಂದು ಮಾರುತ್ತವೆ. ಬ್ರಿಟನ್ನಿನಲ್ಲಿ ಹೈ ಟೀ ಅಂದರೆ ಕೂಲಿ ಮಾಡಿ ಬಂದವರು ಸಂಜೆ ಮೇಜಿನ ಮುಂದೆ ಕೂತು ತಿನ್ನುತ್ತಿದ್ದ ಬಿಸಿ ಊಟ. ಹೆಸರಿನಲ್ಲಿ ‘ಹೈ’ ಇದೆ ಅಂತ ಶ್ರೀಮಂತರದು ಅಂದುಕೊಂಡುಬಿಟ್ಟಿದ್ದಾರೆ.

ಕಾವಲಿ ಸ್ಕೋನ್: ಮೊದಲ ಸಲ ಮಾಡುವವರಿಗೆ

ಬೇಕಾಗುವುದು 225 ಗ್ರಾಂ ಮೈದಾ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, 25 ಗ್ರಾಂ ಬೆಣ್ಣೆ, ಸುಮಾರು 150 ಮಿಲಿ ಹುಳಿ ಮಜ್ಜಿಗೆ. ಸಕ್ಕರೆ ನಿಮ್ಮ ಇಷ್ಟ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿದರೂ ಕೆಡುವುದಿಲ್ಲ, ರುಚಿ ಇನ್ನೂ ಗಟ್ಟಿ.

ಮಜ್ಜಿಗೆ ಹುಳಿಯಾಗಿರಲೇಬೇಕು. ಸೋಡಾ ತಾನಾಗಿ ಉಬ್ಬಿಸುವುದಿಲ್ಲ. ಹುಳಿ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ, ಅದು ಹಿಟ್ಟನ್ನು ಎತ್ತುತ್ತದೆ. ಸಪ್ಪೆ ಮಜ್ಜಿಗೆ ಹಾಕಿದರೆ ಸೋಡಾ ಅರ್ಧ ಹಾಗೇ ಉಳಿದು, ತಿನ್ನುವಾಗ ಸೋಪಿನ ವಾಸನೆ ಬರುತ್ತದೆ. ಹುಳಿ ಸೋಕಿದ ಕೂಡಲೇ ಗುಳ್ಳೆ ಏಳುವುದರಿಂದ, ಕಲಸಿ ಇಟ್ಟು ಫೋನಿನಲ್ಲಿ ಮಾತಾಡಲು ಹೋಗಬಾರದು. ಕಾವಲಿ ಬಿಸಿಗಿಟ್ಟ ಮೇಲೇ ಮಜ್ಜಿಗೆ ಸುರಿಯಿರಿ.

ಚಪಾತಿ ಹಿಟ್ಟಿನ ಅಭ್ಯಾಸ ಇರುವ ಕೈಗೆ ಇಲ್ಲಿ ಸ್ವಲ್ಪ ಕಷ್ಟ. ನಾದಬಾರದು! ನಾದಿದಷ್ಟೂ ಹಿಟ್ಟಿನಲ್ಲಿ ಜಿಗುಟು ಬಂದು ಸ್ಕೋನ್ ರಬ್ಬರಾಗುತ್ತದೆ. ಒಣ ಹಿಟ್ಟು ಕಾಣದ ಹಾಗೆ ಕೈಯಲ್ಲಿ ಒಂದಿಷ್ಟು ಕೂಡಿಸಿ, ಬೆರಳು ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕು ಭಾಗ ಮಾಡಿದರೆ ಸಾಕು. ಮೇಲೆ ಒರಟಾಗಿ ಕಂಡರೂ ಚಿಂತೆಯಿಲ್ಲ.

ಕಾವಲಿಗೆ ಎಣ್ಣೆ ಬೇಡ. ಚಿಟಿಕೆ ಮೈದಾ ಉದುರಿಸಿ ನೋಡಿ. ಅದು ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬಿಸಿ ಸರಿಯಾಗಿದೆ. ಉದುರಿಸಿದ ತಕ್ಷಣ ಕಪ್ಪಾದರೆ ಉರಿ ಇಳಿಸಿ, ಒಂದು ನಿಮಿಷ ಬಿಟ್ಟು ಆ ಹಿಟ್ಟು ಒರೆಸಿ ಮತ್ತೆ ನೋಡಿ. ಒಂದೊಂದು ಬದಿ 5ರಿಂದ 7 ನಿಮಿಷ, ಸಣ್ಣ ಉರಿಯಲ್ಲಿ. ದೋಸೆಯ ಹಾಗೆ ಅವಸರ ಮಾಡಿದರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ. ಆಮೇಲೆ ತುಂಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಕತ್ತರಿಸಿದ ಬದಿಗಳನ್ನೂ ಬಿಸಿಗೆ ತೋರಿಸಬೇಕು. ತೆಗೆದವನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಮೆತ್ತಗೇ ಇರುತ್ತವೆ. ದೋಸೆಗೆ ಬಳಸುವ ಬೀಡು ಕಬ್ಬಿಣದ ಕಾವಲಿ ಇದಕ್ಕೆ ಹೇಳಿ ಮಾಡಿಸಿದ್ದು. ತೆಳ್ಳನೆಯ ನಾನ್‌ಸ್ಟಿಕ್ ತವಾದಲ್ಲಿ ಬಿಸಿ ಏರಿಳಿತ ಜಾಸ್ತಿ.

ಇದೇ ಕಾವಲಿಯ ಇನ್ನಿಬ್ಬರು ನೆಂಟರಿದ್ದಾರೆ. ಒಂದು ಆಲೂಗಡ್ಡೆ ಸ್ಕೋನ್, ಸ್ಕಾಟ್ಲೆಂಡಿನವರ ಬಾಯಲ್ಲಿ ‘ಟ್ಯಾಟಿ ಸ್ಕೋನ್’. ಬೇಯಿಸಿ ಮಸೆದ ಆಲೂಗಡ್ಡೆಗೆ ಬೆಣ್ಣೆ, ಉಪ್ಪು, ಹಿಡಿಯುವಷ್ಟು ಮಾತ್ರ ಮೈದಾ. ತೆಳ್ಳಗೆ ಲಟ್ಟಿಸಿ, ತ್ರಿಕೋನ ಕತ್ತರಿಸಿ ಬೇಯಿಸುವುದು. ಸೋಡಾ ಇಲ್ಲದೆಯೂ ಆಗುತ್ತದೆ. ಬೆಳಗಿನ ತಿಂಡಿಗೆ ಸಿಹಿ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ರಾತ್ರಿ ಪಲ್ಯಕ್ಕೆಂದು ಬೇಯಿಸಿ ಉಳಿದ ಆಲೂಗಡ್ಡೆಯೂ ಖರ್ಚಾಗುತ್ತದೆ.

ಇನ್ನೊಂದು ‘ಡ್ರಾಪ್ ಸ್ಕೋನ್’. ಹೆಸರು ಸ್ಕೋನ್, ಆದರೆ ಸೆಟ್ ದೋಸೆ ಹಿಟ್ಟಿನಷ್ಟು ನೀರಾಗಿ ಕಲಸಿ, ಚಮಚದಲ್ಲಿ ಕಾವಲಿಗೆ ಬಿಡುವುದು. ಇದಕ್ಕೆ ರಾಜಮನೆತನದ ನಂಟಿದೆ. 1959ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸ್ಕಾಟ್ಲೆಂಡಿನ ಬ್ಯಾಲ್ಮೋರಲ್ ಅರಮನೆಗೆ ಹೋಗಿದ್ದರು. ಮುಂದಿನ ವರ್ಷದ ಜನವರಿಯಲ್ಲಿ ರಾಣಿ ಎಲಿಜಬೆತ್ ಅವರಿಗೆ ಕಾಗದ ಬರೆದು, ಕೊಡುತ್ತೇನೆಂದು ಹೇಳಿದ್ದ ಡ್ರಾಪ್ ಸ್ಕೋನ್ ಮಾಡುವ ವಿಧಾನವನ್ನು ಕಳಿಸಿಕೊಟ್ಟರು. ಅಳತೆ 16 ಜನಕ್ಕೆ, ಕಮ್ಮಿ ಜನ ಇದ್ದರೆ ಹಿಟ್ಟು ಹಾಲು ಕಮ್ಮಿ ಮಾಡುತ್ತೇನೆ ಅಂತಲೂ ಬರೆದಿದ್ದಾರೆ. ಮಕ್ಕಳಿರುವ ಮನೆಗೆ ಇದು ಚೆನ್ನ. ಮೊಟ್ಟೆ ಹಾಕುತ್ತಾರೆ, ಅದು ನೆನಪಿರಲಿ.

ಓವನ್ನಿನ ಸ್ಕೋನ್: ಜಾಮ್, ಕೆನೆ ಇಷ್ಟಪಡುವವರಿಗೆ

ಕೆನೆ, ಜಾಮ್ ಹಾಕಿ ತಿನ್ನಬೇಕು ಅನ್ನುವುದೇ ನಿಮ್ಮ ಆಸೆಯಾದರೆ ಕಾವಲಿಯದು ಸಾಲದು. ಎತ್ತರ ಬೇಕು, ನಡುವೆ ಕೈಯಲ್ಲೇ ಬಿಡಿಸಿ ಎರಡು ಮಾಡುವಂತಿರಬೇಕು. 225 ಗ್ರಾಂ ಮೈದಾಗೆ 50 ಗ್ರಾಂ ಬೆಣ್ಣೆ, 25 ಗ್ರಾಂ ಸಕ್ಕರೆ, 150 ಮಿಲಿಯಷ್ಟು ಹಾಲು, ಎರಡೂವರೆಯಿಂದ ಮೂರು ಟೀ ಚಮಚ ಬೇಕಿಂಗ್ ಪೌಡರ್. ಓವನ್ 220 ಡಿಗ್ರಿ, 12ರಿಂದ 15 ನಿಮಿಷ. ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಸೆಲ್ಫ್ ರೈಸಿಂಗ್ ಹಿಟ್ಟು ಹುಡುಕುತ್ತಾ ಅಲೆಯಬೇಡಿ, ಮೈದಾ ಮತ್ತು ಬೇಕಿಂಗ್ ಪೌಡರ್ ಸೇರಿದರೆ ಅದೇ ಆಯಿತು.

ಇಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಬೆಣ್ಣೆ. ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ ರವೆಯಂತೆ ಮಾಡಬೇಕು. ಬೇಸಿಗೆಯಲ್ಲಿ ಉಜ್ಜುವಷ್ಟರಲ್ಲೇ ಕರಗುತ್ತದೆ. ಆಗ ಫ್ರೀಜರಿನಲ್ಲಿಟ್ಟ ಬೆಣ್ಣೆಯನ್ನು ಕ್ಯಾರೆಟ್ ತುರಿಯುವ ಮಣೆಯಲ್ಲಿ ತುರಿದು ಹಾಕಿ. ಪ್ಯಾಕೆಟ್ಟಿನ ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಎರಡನೆಯದು ಕತ್ತರಿಸುವುದು. ದುಂಡಗೆ ಬರಲಿ ಅಂತ ನಾವೆಲ್ಲ ಮೊದಲು ಕೈಹಾಕುವುದು ಸ್ಟೀಲ್ ಲೋಟಕ್ಕೆ. ಲೋಟದ ಬಾಯಿ ಮಡಿಸಿ ದಪ್ಪ ಮಾಡಿರುತ್ತಾರೆ. ಅದು ಕತ್ತರಿಸುವುದಿಲ್ಲ, ಹಿಟ್ಟನ್ನು ಒತ್ತಿ ಅಂಚು ಮುಚ್ಚಿಬಿಡುತ್ತದೆ. ಜೊತೆಗೆ ಕೈ ತಿರುಚುತ್ತೇವೆ. ಅಂಚು ಮುಚ್ಚಿದ ಕಡೆ ಏಳಲಾಗದೆ ಸ್ಕೋನ್ ಒಂದು ಪಕ್ಕಕ್ಕೆ ವಾಲಿಕೊಂಡು ಬೇಯುತ್ತದೆ. ರುಚಿಗೇನೂ ಮೋಸವಿಲ್ಲ, ನೋಡಲು ಮಾತ್ರ ಕುಡಿದು ನಿಂತ ಹಾಗೆ. ಚೂಪಾದ ಚಾಕುವಿನಲ್ಲಿ ಚೌಕವಾಗಿ ಕತ್ತರಿಸಿದರೆ ಈ ತಾಪತ್ರಯವೇ ಇಲ್ಲ, ಚೂರೂ ಉಳಿಯುವುದಿಲ್ಲ. ಎರಡೂವರೆ ಸೆಂಟಿಮೀಟರಿಗಿಂತ ತೆಳ್ಳಗೆ ತಟ್ಟಬೇಡಿ. ಸಣ್ಣ ಓಟಿಜಿಯಾದರೆ ಮೇಲಿನ ಕಂಬಿಗೆ ತೀರಾ ಹತ್ತಿರ ಇಡಬೇಡಿ, ನೆತ್ತಿ ಸುಡುತ್ತದೆ.

ಈಗ ಕೆನೆಯ ವಿಷಯ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಮತ್ತು ಕಾರ್ನ್‌ವಾಲ್ ಪಕ್ಕಪಕ್ಕದ ಸೀಮೆಗಳು. ಎರಡರಲ್ಲೂ ಸ್ಕೋನ್, ಜಾಮ್, ‘ಕ್ಲಾಟೆಡ್ ಕ್ರೀಮ್’ ಎಂಬ ದಪ್ಪ ಕೆನೆ, ಟೀ ಸೇರಿದರೆ ‘ಕ್ರೀಮ್ ಟೀ’. ಡೆವನ್ನಿನವರು ಮೊದಲು ಕೆನೆ, ಮೇಲೆ ಜಾಮ್. ಕಾರ್ನ್‌ವಾಲಿನವರು ಮೊದಲು ಜಾಮ್, ಮೇಲೆ ಕೆನೆ. ಇದು ಸುಮ್ನೆ ತಮಾಷೆ ಅಂದುಕೊಳ್ಳಬೇಡಿ. 2018ರಲ್ಲಿ ಕಾರ್ನ್‌ವಾಲಿನ ಲ್ಯಾನ್‌ಹೈಡ್ರಕ್ ಎಂಬ ಹಳೆಯ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ ಕೆನೆಯ ಮೇಲೆ ಜಾಮ್ ಇರುವ ಚಿತ್ರ ಹಾಕಿಬಿಟ್ಟರು. ಊರವರು ಸಿಟ್ಟಾಗಿ, ಬಂಗಲೆಯವರು ಕ್ಷಮೆ ಕೇಳಬೇಕಾಯಿತು. ತಮಾಷೆಯೆಂದರೆ ಕಾರ್ನ್‌ವಾಲಿನಲ್ಲಿ ಹಳೆಯ ಕಾಲಕ್ಕೆ ಇದನ್ನು ತಿನ್ನುತ್ತಿದ್ದದ್ದು ‘ಸ್ಪ್ಲಿಟ್’ ಎಂಬ ಯೀಸ್ಟ್ ಬನ್ನಿನ ಜೊತೆ.

ನನ್ನ ತೀರ್ಪು ಸ್ಕೋನಿನ ಬಿಸಿಯ ಮೇಲೆ. ಬಿಸಿ ಇದ್ದಾಗ ಮೊದಲು ಜಾಮ್ ಹಚ್ಚಿ, ಇಲ್ಲದಿದ್ದರೆ ಕೆನೆ ಕರಗಿ ಬೆರಳಿಗೆ ಇಳಿಯುತ್ತದೆ. ಆರಿದ್ದರೆ ಕೆನೆಯನ್ನು ಬೆಣ್ಣೆಯಂತೆ ಮೊದಲು ಸವರಿ.

ಕಾರ್ನ್‌ವಾಲಿನ ಕ್ಲಾಟೆಡ್ ಕ್ರೀಮಿನಲ್ಲಿ ಕಡೇಪಕ್ಷ 55% ಕೊಬ್ಬು ಇರಬೇಕು ಅಂತ ನಿಯಮವಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಫ್ರೆಶ್ ಕ್ರೀಮ್ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ 25%. ಅದನ್ನು ಎಷ್ಟು ಕಡೆದರೂ ಸ್ಕೋನಿನ ಮೇಲೆ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ, ದುಡ್ಡು ದಂಡ. ಅದಕ್ಕಿಂತ ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಅಲ್ಲಾಡಿಸದೆ ಆರಲು ಬಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ದಪ್ಪ ಕೆನೆ ತೆಗೆಯಿರಿ. ಕ್ಲಾಟೆಡ್ ಕ್ರೀಮ್ ಮಾಡುವ ಉಪಾಯವೂ ಇದೇ ದಾರಿಯದು, ಕೆನೆಯನ್ನೇ ಗಂಟೆಗಟ್ಟಲೆ ಮೆಲ್ಲಗೆ ಬಿಸಿ ಮಾಡಿ, ನಿಧಾನವಾಗಿ ಆರಿಸಿ, ಮೇಲೆ ಕಟ್ಟಿದ್ದನ್ನು ತೆಗೆಯುತ್ತಾರೆ.

ಅಮೆರಿಕದ್ದು: ಕಾಫಿ ಕುಡಿಯುವವರಿಗೆ

ಅಮೆರಿಕದ ಸ್ಕೋನಿಗೆ ತಿನ್ನುವಾಗ ಮೇಲೆ ಏನೂ ಹಚ್ಚುವುದಿಲ್ಲ. ಹಚ್ಚಬೇಕಾದದ್ದೆಲ್ಲ ಒಳಗೇ ಇರುತ್ತದೆ. ಅಷ್ಟೇ ಹಿಟ್ಟಿಗೆ ಬೆಣ್ಣೆ ಹೆಚ್ಚುಕಮ್ಮಿ ಎರಡರಷ್ಟು, ಹಾಲಿನ ಬದಲು ಕ್ರೀಮ್, ಒಂದು ಮೊಟ್ಟೆ, ಕೈತುಂಬ ಸಕ್ಕರೆ, ಬ್ಲೂಬೆರಿಯೋ ಚಾಕೊಲೇಟ್ ಚೂರೋ, ಮೇಲೆ ಸಕ್ಕರೆ ಪಾಕ. ದೊಡ್ಡ ತುಂಡಾದ್ದರಿಂದ 200 ಡಿಗ್ರಿಯಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಬೇಕು. ಟೀ ಜೊತೆ ಇದು ನನಗೆ ಹಿಡಿಸುವುದಿಲ್ಲ. ಗಟ್ಟಿ ಫಿಲ್ಟರ್ ಕಾಫಿಗೆ ಮಾತ್ರ ಸೊಗಸು, ಕಹಿಗೂ ಸಿಹಿಗೂ ಸರಿಹೋಗುತ್ತದೆ. ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯುವವರೂ ಇದನ್ನೇ ಆರಿಸಿ. ಬೆಣ್ಣೆ ಜಾಸ್ತಿ ಇರುವುದರಿಂದ ಬೇಗ ಒಣಗುವುದಿಲ್ಲ.

ಅಲ್ಲಿನ ದಕ್ಷಿಣ ರಾಜ್ಯಗಳ ‘ಬಿಸ್ಕೆಟ್’ ಬೇರೆ. ನಾವು ಟೀಗೆ ಅದ್ದುವ ಬಿಸ್ಕತ್ತಂತೂ ಅಲ್ಲವೇ ಅಲ್ಲ. ನೋಡಲು ಇಂಗ್ಲಿಷ್ ಸ್ಕೋನಿನ ತಮ್ಮನಂತಿರುತ್ತದೆ. ಮಜ್ಜಿಗೆ ಹಾಕಿ ಕಲಸುತ್ತಾರೆ, ಸಕ್ಕರೆ ಇಲ್ಲ ಅಥವಾ ಹೆಸರಿಗೆ ಅಷ್ಟು. ಹಿಟ್ಟನ್ನು ಮಡಿಸಿ ತಟ್ಟುವುದರಿಂದ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಊಟದ ಜೊತೆಗಿನ ರೊಟ್ಟಿ ಇದು. ಸಾರಿಗೋ ಸೂಪಿಗೋ ನಂಚಿಕೊಳ್ಳಲು ಏನಾದರೂ ಬೇಕಿದ್ದರೆ ಸ್ಕೋನ್ ಬಿಟ್ಟು ಇದನ್ನು ಮಾಡಿ. ಯೂಟಾದ ಕರಿದದ್ದು ಹೆಸರಿಗೆ ಮಾತ್ರ ಸ್ಕೋನ್, ಈ ಲೆಕ್ಕಕ್ಕೆ ಸೇರುವುದಿಲ್ಲ.

ಆಸ್ಟ್ರೇಲಿಯಾದವರು ಸೋಮಾರಿಗಳಿಗೆ ಒಂದು ಉಪಕಾರ ಮಾಡಿದ್ದಾರೆ. ಸೆಲ್ಫ್ ರೈಸಿಂಗ್ ಹಿಟ್ಟಿಗೆ ಕ್ರೀಮ್ ಮತ್ತು ಗ್ಯಾಸ್ ಇರುವ ಲೆಮನೇಡ್ ಸುರಿದು ಕಲಸಿದರೆ ಮುಗಿಯಿತು, ಬೆಣ್ಣೆ ಉಜ್ಜುವ ಕೆಲಸವೇ ಇಲ್ಲ. ಮೆತ್ತಗೆ ಬರುತ್ತದೆ, ಆದರೆ ಬೆಣ್ಣೆಯ ಘಮ ಇರುವುದಿಲ್ಲ. ಕ್ವೀನ್ಸ್‌ಲ್ಯಾಂಡಿನಲ್ಲಿ ಕುಂಬಳಕಾಯಿ ಸ್ಕೋನ್ ಹೆಸರುವಾಸಿ. ಅಲ್ಲಿನ ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿಯ ಹಾಗೆ) ಆಗಿದ್ದವರ ಹೆಂಡತಿ, ತಾವೂ ಸೆನೆಟರ್ ಆದ ಫ್ಲೋ ಬ್ಯೆಲ್ಕಿ ಪೀಟರ್ಸನ್ ಅವರ ಹೆಸರಿನ ಜೊತೆಗೇ ಅದು ಅಂಟಿಕೊಂಡಿದೆ. ಸಿಹಿಗುಂಬಳ ಬೇಯಿಸಿ ಮಸೆದು ಹಾಕುವುದರಿಂದ ಹಾಲು ಕಮ್ಮಿ ಸಾಕು, ಬಣ್ಣವೂ ಅಂದ. ನ್ಯೂಜಿಲೆಂಡಿನವರಿಗೆ ಚೀಸ್ ಸ್ಕೋನ್ ಅಂದರೆ ಪ್ರಾಣ. ಖಾರ ಬೇಕೆನ್ನುವ ನಮ್ಮಂಥವರಿಗೆ ಅದು ಸರಿಯಾದ ಆಯ್ಕೆ. ಚೀಸ್ ಜೊತೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹೆಚ್ಚಿ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ.

ಮೊಟ್ಟೆ ತಿನ್ನದವರು ಗಮನಿಸಿ

ಸಾದಾ ಬ್ರಿಟಿಷ್ ಸ್ಕೋನಿಗೆ ಮೊಟ್ಟೆ ಕಡ್ಡಾಯವಲ್ಲ. ಆದರೆ ಹೊಳಪಿಗೆಂದು ಮೇಲೆ ಮೊಟ್ಟೆ ಸವರುವುದು ಬಹಳ ಕಡೆ ರೂಢಿ. ಇಂಗ್ಲೆಂಡಿಗೆ ಹೋದವರು ‘ಒಳಗೆ ಇದೆಯಾ’ ಎಂದು ಕೇಳಿದರೆ ಸಾಲದು, ‘ಮೇಲೆ ಸವರಿದ್ದೀರಾ’ ಎಂದೂ ಕೇಳಬೇಕು. ಮನೆಯಲ್ಲಿ ಹಾಲು ಸವರಿದರೆ ಬಣ್ಣ ಸ್ವಲ್ಪ ಮಂಕು, ಅಷ್ಟೇ ವ್ಯತ್ಯಾಸ. ಅಮೆರಿಕದ ಬಿಸ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ, ಆದರೆ ಬೆಣ್ಣೆಯ ಬದಲು ಹಂದಿ ಕೊಬ್ಬು ಹಾಕುವ ಪದ್ಧತಿ ಹಳೆಯದು. ಉತ್ತರ ಇಂಗ್ಲೆಂಡಿನ ‘ಸಿಂಗಿಂಗ್ ಹಿನ್ನಿ’ ಎಂಬ ಕಾವಲಿ ಸ್ಕೋನಿಗೂ ಅದೇ ಕೊಬ್ಬು ಹಾಕುತ್ತಾರೆ. ಬೇಯುವಾಗ ಆ ಕೊಬ್ಬು ಚುಂಯ್‌ಗುಟ್ಟುವುದರಿಂದಲೇ ಅದಕ್ಕೆ ಹಾಡುವ ಹೆಸರು. ಸಸ್ಯಾಹಾರಿಗಳಿಗೆ ಯೋಚನೆಯಿಲ್ಲದೆ ತಿನ್ನಲು ಬರುವುದು ಮನೆಯಲ್ಲೇ ಮಜ್ಜಿಗೆ ಹಾಕಿ ಮಾಡಿದ ಕಾವಲಿ ಸ್ಕೋನ್.

ಉಳಿದರೆ

ಕಾವಲಿಯದಾಗಲಿ ಓವನ್ನಿನದಾಗಲಿ, ಮಾಡಿದ ದಿನವೇ ತಿಂದರೆ ಚೆನ್ನ. ಮರುದಿನಕ್ಕೆ ಒಣಗುತ್ತದೆ. ಒಂದು ಕೆಫೆಯಲ್ಲಿ ನನಗೆ ಹಿಂದಿನ ದಿನದ ಸ್ಕೋನನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿ ಕೊಟ್ಟಿದ್ದರು. ಮೊದಲ ತುತ್ತು ಮೆತ್ತಗಿತ್ತು, ಟೀ ಅರ್ಧ ಆಗುವಷ್ಟರಲ್ಲಿ ಅಗಿಯಲಾಗದಷ್ಟು ನಾರುನಾರು. ಮಾರುವವರು ಬೇಕಾದರೆ ಹಾಗೆ ಮಾಡಿಕೊಳ್ಳಲಿ, ನೀವು 150 ಡಿಗ್ರಿ ಓವನ್ನಿನಲ್ಲಿ ಐದಾರು ನಿಮಿಷ ಇಡಿ. ಓವನ್ ಇಲ್ಲದಿದ್ದರೆ ಎರಡು ಹೋಳು ಮಾಡಿ, ಒಳಬದಿ ಕೆಳಗೆ ಬರುವಂತೆ ಕಾವಲಿಯ ಮೇಲಿಟ್ಟು ಬೆಣ್ಣೆಯಲ್ಲಿ ಕೆಂಪಗೆ ಮಾಡಿ.

ಇನ್ನೂ ಜಾಣತನವೆಂದರೆ ಎಲ್ಲವನ್ನೂ ಒಟ್ಟಿಗೆ ಬೇಯಿಸದಿರುವುದು. ಬೇಕಿಂಗ್ ಪೌಡರ್ ಹಾಕಿದ ಹಿಟ್ಟನ್ನು ಕತ್ತರಿಸಿ, ತುಂಡುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಿಗೆ ತುಂಬಿಡಿ. ಬೇಕಾದಾಗ ಬೇಕಾದಷ್ಟು ತೆಗೆದು, ಕರಗಿಸುವ ಗೋಜಿಲ್ಲದೆ ನೇರ ಬಿಸಿ ಓವನ್ನಿಗೆ ಇಟ್ಟು, ಮೂರ್ನಾಲ್ಕು ನಿಮಿಷ ಹೆಚ್ಚು ಕೊಟ್ಟರೆ ಆಯಿತು. ಮಜ್ಜಿಗೆ ಸೋಡಾದ ಕಾವಲಿ ಹಿಟ್ಟಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದರ ಗುಳ್ಳೆ ಕಲಸಿದಾಗಲೇ ಎದ್ದು ಹೋಗಿರುತ್ತದೆ, ಅದನ್ನು ಕಲಸಿದ ಕೈಯಲ್ಲೇ ಬೇಯಿಸಬೇಕು.